ಕಾರಿನ ಹಾಡುಪೆಟ್ಟಿಗೆ

ಹೆಂಗಸರು ಮನೆಯ ಒಂದು ಹಳೆಯ ಚಂಬನ್ನು ಬದಲಾಯಿಸಬೇಕಾದರೂ ಹತ್ತು ಸಲ ಯೋಚಿಸುತ್ತಾರೆಂದು ಲೋಕವು ಹೇಳುವುದುಂಟು. ನಾನೂ ಆ ಜಾತಿಯವಳೇ. ತೂತು ಬಿದ್ದ ಹಿತ್ತಾಳೆಯ ಕೊಳಗವನ್ನು ಸಹ ಕಲಾಯಿಯವನು ಬಂದಾನೆಂದು ಅಟ್ಟದ ಮೇಲೆ ಇಟ್ಟುಕೊಂಡಿರುವವಳು. ಆದರೆ ಹೋದ ವರ್ಷ ನಮ್ಮ ಕಾರಿನಲ್ಲಿದ್ದ ಹಾಡುಪೆಟ್ಟಿಗೆಯನ್ನು, ಎಂದರೆ ಈಗಿನವರು ಸ್ಟೀರಿಯೋ ಎನ್ನುವ ಯಂತ್ರವನ್ನು, ತೆಗೆಸಿ ಹೊಸದನ್ನು ಹಾಕಿಸಿದಾಗ ನಾನು ಒಂದು ಸಲವೂ ಯೋಚಿಸಲಿಲ್ಲ. ಅದರಿಂದ ನಮ್ಮ ಮನೆಯಲ್ಲಿ ನಡೆದುದನ್ನು ವಾಚಕರ ಮುಂದಿಡಬೇಕೆಂದು ಬಹು ದಿನಗಳಿಂದ ಅಂದುಕೊಂಡಿದ್ದೆನು.

ನಾವಿರುವುದು ಜಾಲಹಳ್ಳಿಯಲ್ಲಿ. ಈ ಊರಿಗೂ ರೇಡಿಯೋವಿಗೂ ಇರುವ ನಂಟು ಸಾಮಾನ್ಯವಾದುದಲ್ಲ. 1954ರಲ್ಲಿ ಸರಕಾರವು ಬಿ.ಇ.ಎಲ್. ಕಾರ್ಖಾನೆಯನ್ನು ಸ್ಥಾಪಿಸಿದುದು ಇಲ್ಲಿಯೇ. ಫ್ರಾನ್ಸ್ ದೇಶದ ಸಂಸ್ಥೆಯೊಂದರ ಸಹಕಾರದಿಂದ ಮೊದಲಾದ ಆ ಕಾರ್ಖಾನೆಯಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳೂ, ಅದರ ಮರುವರ್ಷ ಟ್ರಾನ್ಸಿಸ್ಟರಿನ ಜಾತಿಯ ಜರ್ಮೇನಿಯಂ ಬಿಡಿಭಾಗಗಳೂ, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರಸಾರ ಯಂತ್ರಗಳೂ ತಯಾರಾಗತೊಡಗಿದುವು. ನಮ್ಮ ಮಾವನವರು ಇಪ್ಪತ್ತು ವರ್ಷದ ತರುಣರಾಗಿ ಕೆಲಸಕ್ಕೆ ಸೇರಿದುದು ಆ 1964ರಲ್ಲಿಯೇ. ಕಾರ್ಖಾನೆಯಿಂದ ನಿವೃತ್ತರಾಗಿ ಎರಡು ದಶಕಗಳು ಕಳೆದಿದ್ದರೂ, ಅದರ ಕೂಗು ಕೇಳಿದರೆ ಇಂದಿಗೂ ಅವರ ಕೈ ತಾನಾಗಿಯೇ ಗಡಿಯಾರದ ಕಡೆಗೆ ಹೋಗುತ್ತದೆ. ಅತ್ತೆಯವರು ತೀರಿಕೊಂಡ ಮೇಲೆ ಅವರು ಮಾತನ್ನು ಬಹಳ ಕಡಿಮೆ ಮಾಡಿದ್ದಾರೆ. ಕಿವಿಯೂ ಸ್ವಲ್ಪ ಮಂದವಾಗಿದೆ.

ನಮ್ಮ ಕಾರು 2009ರದು. ಅದನ್ನು ಕೊಂಡಾಗಲೇ ಕಾರು ಮಾಡಿದವರು ಅದರ ಡ್ಯಾಶ್‌ಬೋರ್ಡಿನಲ್ಲಿ ಒಂದು ಪೆಟ್ಟಿಗೆಯನ್ನು ಕೂಡಿಸಿದ್ದರು. ಅದರಲ್ಲಿ ಸಿ.ಡಿ. ಹಾಕಬಹುದಾಗಿತ್ತು, ಎಫ್.ಎಮ್. ರೇಡಿಯೋವೂ, ಮೀಡಿಯಂ ವೇವ್ ರೇಡಿಯೋವೂ ಬರುತ್ತಿದ್ದುವು. ಹಾಡುಗಳೆಲ್ಲ ಫೋನಿಗೆ ಬಂದುಬಿಟ್ಟ ಈ ಕಾಲದಲ್ಲಿ ಸಿ.ಡಿ.ಯನ್ನು ಹಾಕುವವರಾರು? ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಗನು ಕಾರಿನಲ್ಲಿ ಕುಳಿತಾಗಲೆಲ್ಲ ಆ ಪೆಟ್ಟಿಗೆಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದನು. "ಅಮ್ಮಾ, ಇದನ್ನು ತೆಗೆಸಿ ಪರದೆಯಿರುವ ಹೊಸದನ್ನು ಹಾಕಿಸೋಣ. ದಾರಿಯ ನಕ್ಷೆ ಕಾಣುತ್ತದೆ, ಹಿಂದಕ್ಕೆ ತೆಗೆಯುವಾಗ ಹಿಂದಿರುವುದೂ ಕಾಣುತ್ತದೆ" ಎಂದನು. ಗಂಗಮ್ಮನ ಗುಡಿಯ ಬಳಿಯ ಇಕ್ಕಟ್ಟಿನಲ್ಲಿ ಕಾರನ್ನು ಹಿಂದಕ್ಕೆ ತೆಗೆಯಲಾರದೆ ಒದ್ದಾಡುವವಳು ನಾನೇ ಆದುದರಿಂದ ಆ ಮಾತು ನನಗೆ ರುಚಿಸಿತು. ಯಜಮಾನರು "ನಿಮ್ಮಿಷ್ಟ" ಎಂದರು. ಮಾವನವರನ್ನು ಕೇಳಬೇಕೆಂದು ನಮಗಾರಿಗೂ ತೋಚಲಿಲ್ಲ. ಅವರು ಕಾರನ್ನು ನಡೆಸುವುದನ್ನು ಬಿಟ್ಟು ಆರು ವರ್ಷಗಳಾಗಿದ್ದುವು.

ಒಂದು ಭಾನುವಾರ ಬೆಳಗ್ಗೆ ನಾನೂ ಮಗನೂ ಯಶವಂತಪುರದ ಮೇಲೆ ಹಾದು ಜೆ.ಸಿ. ರಸ್ತೆಗೆ ಹೋದೆವು. ಕಾರಿಗೆ ಸಂಬಂಧಿಸಿದ ಸಾಮಾನುಗಳಿಗೆ ಬೆಂಗಳೂರಿನಲ್ಲಿ ಆ ರಸ್ತೆಯೇ ಹೆಸರಾದುದು. ಅಂಗಡಿಯವನು ಒಂದು ಪೆಟ್ಟಿಗೆಯನ್ನು ನಮ್ಮ ಮುಂದಿಟ್ಟನು. ಅದರ ಹೊರಮೈಮೇಲೆ ದೊಡ್ಡ ಅಕ್ಷರಗಳಲ್ಲಿ "200 ವ್ಯಾಟ್" ಎಂದು ಬರೆದಿತ್ತು. ಮಗನ ಕಣ್ಣುಗಳು ಅರಳಿದುವು. ಅದರ ಜೊತೆಗೆ ನಾಲ್ಕು ಬಾಗಿಲುಗಳಿಗೂ ಹೊಸ ಸ್ಪೀಕರುಗಳೆಂದಾಯಿತು.

ಕೆಲಸದ ಹುಡುಗನು ಬಹು ಚುರುಕಾಗಿದ್ದನು. ಪ್ಲಾಸ್ಟಿಕ್ಕಿನ ಚಪ್ಪಟೆಯ ಮೀಟುಗೋಲಿನಿಂದ ಡ್ಯಾಶ್‌ಬೋರ್ಡಿನ ಅಂಚನ್ನು ಗೀರು ಬೀಳದಂತೆ ಬಿಡಿಸಿ, ನಾಲ್ಕು ತಿರುಪುಗಳನ್ನು ತೆಗೆದು, ಹಳೆಯ ಪೆಟ್ಟಿಗೆಯನ್ನು ಹಲ್ಲು ಕೀಳುವಂತೆ ಮುಂದಕ್ಕೆ ಎಳೆದನು. ಪ್ರಪಂಚದ ಹೆಚ್ಚಿನ ಕಾರುಗಳಲ್ಲಿ ಈ ಪೆಟ್ಟಿಗೆಗೆ ಒಂದು ಗೊತ್ತಾದ ಅಳತೆಯಿರುವುದೆಂದು ನನಗೆ ಅಂದೇ ತಿಳಿದುದು. ಅಗಲ 18 ಸೆಂಟಿಮೀಟರು, ಎತ್ತರ 5 ಸೆಂಟಿಮೀಟರು. ಜರ್ಮನಿಯವರು ಗೊತ್ತುಮಾಡಿದ ಈ ಅಳತೆಗೆ 'ಡಿನ್' ಎಂದು ಹೆಸರು. ನಮ್ಮದು ಅದರ ಎರಡರಷ್ಟು ಎತ್ತರದ 'ಡಬಲ್ ಡಿನ್'. ಇಂಥ ಒಂದು ಕಟ್ಟಳೆಯಿರುವುದರಿಂದಲೇ ಒಬ್ಬರು ಮಾಡಿದ ಕಾರಿನಲ್ಲಿ ಮತ್ತೊಬ್ಬರು ಮಾಡಿದ ಪೆಟ್ಟಿಗೆಯು ಕೂಡುತ್ತದೆ. ಪೆಟ್ಟಿಗೆಯ ಹಿಂದೆ ತಂತಿಗಳ ದೊಡ್ಡ ಜಡೆಯೇ ಇತ್ತು. ಹೊಸ ಪೆಟ್ಟಿಗೆಯ ತಂತಿಗಳಲ್ಲಿ ಹಳದಿಯದು ಬ್ಯಾಟರಿಯಿಂದ ಸದಾ ವಿದ್ಯುತ್ತು ತರುವುದು. ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ ತರುವುದು. ಕಪ್ಪು ನೆಲಕ್ಕೆ, ಎಂದರೆ ಕಾರಿನ ಕಬ್ಬಿಣದ ಮೈಗೆ. ಬಿಳಿ, ಬೂದಿ, ಹಸಿರು, ನೇರಳೆಯ ಜೋಡಿಗಳು ನಾಲ್ಕು ಸ್ಪೀಕರುಗಳಿಗೆ. ಕಾರಿನ ಮೂಲ ತಂತಿಗಳನ್ನು ಕತ್ತರಿಸದೆ, ನಡುವೆ ಒಂದು ಜೋಡಣೆಯ ಕಪ್ಲರನ್ನು ಹಾಕಿ ಅವನು ಎರಡನ್ನೂ ಸೇರಿಸಿದನು. ಹೀಗೆ ಮಾಡಿದರೆ ಬೇಕಾದಾಗ ಹಳೆಯದನ್ನು ಮತ್ತೆ ಹಾಕಬಹುದೆಂದನು. ಈ ಕೆಲಸಕ್ಕೆ ಹೋಗುವ ವಾಚಕರು ಆ ಒಂದು ಮಾತನ್ನು ಮಾತ್ರ ಬಿಡದೆ ಕೇಳಿ ಮಾಡಿಸಿಕೊಳ್ಳಬೇಕು.

ಅಂಗಡಿಯವನು "ಹಳೆಯದನ್ನು ಇಲ್ಲಿಯೇ ಬಿಡಿ, ಅಮ್ಮಾ. ಬಿಲ್ಲಿನಲ್ಲಿ ಐನೂರು ರೂಪಾಯಿ ಕಡಿಮೆ ಮಾಡುತ್ತೇನೆ" ಎಂದನು. ಮಗನು ಆಗಲೆಂದು ತಲೆಯಾಡಿಸಿದನು. ಆದರೆ ನನ್ನೊಳಗಿನ ಹಿತ್ತಾಳೆಯ ಕೊಳಗವು ಅಡ್ಡ ಬಂದಿತು. ಪೆಟ್ಟಿಗೆಯನ್ನೂ ಹಳೆಯ ನಾಲ್ಕು ಸ್ಪೀಕರುಗಳನ್ನೂ ಹಾಗೆಯೇ ಗೋಣಿಯಲ್ಲಿ ಕಟ್ಟಿಸಿಕೊಂಡು ಬಂದೆನು. ಜಿಪುಣತನವೂ ಒಮ್ಮೊಮ್ಮೆ ಉಪಕಾರಕ್ಕೆ ಬರುವುದೆಂಬುದಕ್ಕೆ ಇದು ಸಾಕ್ಷಿ.

ಹೊಸ ಯಂತ್ರವನ್ನು ನಾನು ನಿಂದಿಸಲಾರೆ. ಮನೆಗೆ ಬರುವ ದಾರಿಯಲ್ಲಿ ಮಗನು ನನಗೆ ಪ್ರಿಯವಾದ ಒಂದು ವೀಣಾವಾದನವನ್ನು ಹಾಕಿದನು. ತಂತಿಯನ್ನು ಮೀಟಿದ ಮೇಲೆ ಆ ನಾದವು ಕರಗಿಹೋಗುವ ತನಕ ಕಿವಿಗೆ ಬಿದ್ದುದು ಆ ಕಾರಿನಲ್ಲಿ ಅದೇ ಮೊದಲು. ಹದಿನೆಂಟು ಸಾವಿರ ರೂಪಾಯಿಗಳು ಸಾರ್ಥಕವಾದುವೆಂದುಕೊಂಡೆನು. ಕಾರನ್ನು ಅಂಗಳದಲ್ಲಿ ನಿಲ್ಲಿಸಿದಾಗ ಮಾವನವರು ಹೊರಗೆ ಬಂದರು. ಮಗನು ಅವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿ, ಪರದೆಯನ್ನು ಮುಟ್ಟಿ ಮುಟ್ಟಿ ತೋರಿಸಿದನು. ಅವರು ಎಲ್ಲವನ್ನೂ ನೋಡಿ, "ಚೆನ್ನಾಗಿದೆ ಕಣಪ್ಪ" ಎಂದರು. ಆಮೇಲೆ, "ಇದರಲ್ಲಿ ಮೀಡಿಯಂ ವೇವ್ ಎಲ್ಲಿ?" ಎಂದು ಕೇಳಿದರು.

"ಅದು ಇಲ್ಲ ತಾತ. ಎಫ್.ಎಮ್. ಮಾತ್ರ. ಅದನ್ನು ಈಗ ಯಾರು ಕೇಳುತ್ತಾರೆ? ಬೇಕಾದರೆ ಆಕಾಶವಾಣಿ ಫೋನಿನಲ್ಲಿಯೇ ಬರುತ್ತದಲ್ಲ! ಮತ್ತೆ ತಾತ, ಇಂಜಿನ್ ನಿಂತಿರುವಾಗ ಇದನ್ನು ಬಹಳ ಹೊತ್ತು ಹಾಕಬಾರದು, ಬ್ಯಾಟರಿ ಇಳಿದುಹೋಗುತ್ತದೆ."

"ಹೌದು, ಹೌದು" ಎಂದು ಅವರು ಇಳಿದು ಒಳಗೆ ಹೋದರು.

ಇಲ್ಲಿ ನಾನು ಹಿಂದಿನ ಒಂದು ಸಂಗತಿಯನ್ನು ಹೇಳಬೇಕು. ಎರಡು ಮೂರು ವರ್ಷಗಳಿಂದ ಮಾವನವರು ಪ್ರತಿದಿನವೂ ಬೆಳಗ್ಗೆ ಕಾಫಿಯಾದ ಮೇಲೆ ಪತ್ರಿಕೆಯನ್ನು ಹಿಡಿದು, ಮೊಳೆಗೆ ತಗುಲಿಸಿದ್ದ ಕಾರಿನ ಕೀಲಿಯನ್ನು ತೆಗೆದುಕೊಂಡು ಅಂಗಳಕ್ಕೆ ಹೋಗುತ್ತಿದ್ದರು. ನಿಂತ ಕಾರಿನಲ್ಲಿ ಅರ್ಧ ಗಂಟೆ ಕುಳಿತು ಬರುತ್ತಿದ್ದರು. ಮುದುಕರಿಗೆ ಒಂದೊಂದು ಅಭ್ಯಾಸವೆಂದು ನಾವು ನಗುತ್ತಿದ್ದೆವು. ಅಡಿಗೆಮನೆಯ ಕಿಟಕಿಯಿಂದ ನನಗೆ ಕಾರಿನ ಗಾಜಿನೊಳಗೆ ಅವರ ಬಿಳಿಯ ತಲೆಯು ಮಾತ್ರ ಕಾಣುತ್ತಿದ್ದಿತು. ಅದು ಕಂಡರೆ ಈಗ ಕುಕ್ಕರನ್ನು ಇಡುವ ಹೊತ್ತಾಯಿತೆಂದು ನನಗೊಂದು ಗುರುತಾಗಿದ್ದಿತೇ ಹೊರತು, ಅವರು ಅಲ್ಲಿ ಏನು ಮಾಡುತ್ತಾರೆಂದು ನಾನು ಯೋಚಿಸಿರಲಿಲ್ಲ.

ಹೊಸ ಪೆಟ್ಟಿಗೆ ಬಂದ ನಾಲ್ಕನೆಯ ದಿನ ನಾನು ಕುಕ್ಕರನ್ನು ಇಡುವುದನ್ನು ಮರೆತೆನು. ಮಗನ ಡಬ್ಬಿಗೆ ಹೊತ್ತಾಯಿತು. ಗಾಬರಿಯಿಂದ ಕಿಟಕಿಯ ಕಡೆಗೆ ನೋಡಿದರೆ ಕಾರಿನಲ್ಲಿ ಯಾರೂ ಇಲ್ಲ. ಮಾವನವರು ಮೆಟ್ಟಿಲಿನ ಮೇಲೆ ಕುಳಿತಿದ್ದರು. ಪತ್ರಿಕೆಯು ಮಡಿಸಿದಂತೆಯೇ ಪಕ್ಕದಲ್ಲಿದ್ದಿತು.

"ಯಾಕೆ ಮಾವ, ಕಾರಿನಲ್ಲಿ ಕೂತುಕೊಳ್ಳಲಿಲ್ಲವೆ?" ಎಂದೆನು.

"ಇಲ್ಲಮ್ಮ. ಇಲ್ಲಿ ಗಾಳಿ ಚೆನ್ನಾಗಿದೆ" ಎಂದರು.

ಅವರ ಪಕ್ಕದಲ್ಲಿ ಕುಳಿತು ಮೆಲ್ಲಮೆಲ್ಲನೆ ಕೇಳಿದಾಗ ಸಂಗತಿಯು ಹೊರಬಂದಿತು. ಅತ್ತೆಯವರ ಕಾಲದಲ್ಲಿ ಅಡಿಗೆಮನೆಯ ಗೂಡಿನಲ್ಲಿ ಒಂದು ಟ್ರಾನ್ಸಿಸ್ಟರ್ ಇದ್ದಿತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಂದ್ರವನ್ನು ಇಬ್ಬರೂ ಬೆಳಗ್ಗೆ ಅದರಲ್ಲಿ ಕೇಳುತ್ತಿದ್ದರು. ಅದು ಕೆಟ್ಟ ಮೇಲೆ ಯಾರೂ ರಿಪೇರಿ ಮಾಡಿಸಲಿಲ್ಲ. ನಡುಮನೆಯಲ್ಲಿ ಟೆಲಿವಿಷನ್, ಕೋಣೆಯಲ್ಲಿ ಮೊಮ್ಮಗನ ಓದು. ಬೇರೊಂದು ಸಣ್ಣ ರೇಡಿಯೋವನ್ನು ಅವರೇ ತಂದು ನೋಡಿದ್ದರಂತೆ. ಮನೆಯಲ್ಲಿ ಎಲ್ಲಿಟ್ಟರೂ ಗೊರ್ರೆಂಬ ಸದ್ದೇ ಹೊರತು ಮಾತು ಕೇಳುತ್ತಿರಲಿಲ್ಲ. ಈಗಿನ ಎಲ್.ಇ.ಡಿ. ದೀಪಗಳು, ಫೋನಿನ ಚಾರ್ಜರುಗಳು, ಟೆಲಿವಿಷನ್ ಇವುಗಳಿಂದ ಹೊರಡುವ ವಿದ್ಯುತ್ತಿನ ಗದ್ದಲವು ಮೀಡಿಯಂ ವೇವ್ ಧ್ವನಿಯಲ್ಲಿ ಬೆರೆತುಹೋಗುವುದಂತೆ. ಎಫ್.ಎಮ್. ಬಗೆಯ ಪ್ರಸಾರಕ್ಕೆ ಆ ತೊಂದರೆಯು ಅಷ್ಟಿಲ್ಲ. ಆದರೆ ಅದು ಬಹು ದೂರ ಹೋಗಲಾರದು. ಅಂಗಳದಲ್ಲಿ ನಿಂತ ಕಾರಿಗೆ ಮನೆಯ ವಿದ್ಯುತ್ತಿನ ಸೋಂಕಿಲ್ಲ. ಅದರದೇ ಬ್ಯಾಟರಿ, ಅದರದೇ ಏರಿಯಲ್. ಆದುದರಿಂದ ಜಾಲಹಳ್ಳಿಯ ನಮ್ಮ ಮನೆಯಲ್ಲಿ ಆಕಾಶವಾಣಿಯು ಸ್ಪಷ್ಟವಾಗಿ ಕೇಳುತ್ತಿದ್ದ ಸ್ಥಳವು ಅದೊಂದೇ.

"ಹುಡುಗ ಹೇಳಿದಂತೆ ಫೋನಿನಲ್ಲಿ ಬರುತ್ತದಮ್ಮ, ಇಲ್ಲವೆನ್ನುವುದಿಲ್ಲ. ನನ್ನ ಬೆರಳು ಗಾಜಿನ ಮೇಲೆ ನಿಲ್ಲುವುದಿಲ್ಲ. ಬಿರಡೆ ತಿರುಗಿಸಿದರೆ ಬರಬೇಕು ನನಗೆ. ಅದೂ ಅಲ್ಲದೆ..." ಎಂದು ಸ್ವಲ್ಪ ಸುಮ್ಮನಿದ್ದು, "ಆ ಕಡೆ ಪ್ರಸಾರ ಯಂತ್ರ ನಡೆಯುತ್ತಿರುವುದು ಅದರ ಧ್ವನಿಯಲ್ಲಿಯೇ ಗೊತ್ತಾಗುತ್ತದೆ. ನಾವೆಲ್ಲ ಅಂಥ ಯಂತ್ರಗಳನ್ನು ಕಟ್ಟಿದವರಲ್ಲವೆ? ನಡೆಯುತ್ತಿದೆಯೆಂದು ತಿಳಿದರೆ ಒಂದು ಸಮಾಧಾನ" ಎಂದರು.

ನನಗೆ ಮಾತು ಹೊರಡಲಿಲ್ಲ. ಪೆಟ್ಟಿಗೆಯನ್ನು ಬದಲಾಯಿಸಿದುದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದುದು ಬೇರೊಂದು ಸಂಗತಿ. ಈ ಮನೆಯನ್ನು ಕಟ್ಟಿಸಿದವರು ಅವರು. ಅಂಥವರಿಗೆ ಅರ್ಧ ಗಂಟೆ ವಾರ್ತೆಯನ್ನು ಕೇಳಲು ಮನೆಯೊಳಗೆ ಒಂದು ಮೂಲೆಯು ಸಿಕ್ಕದೆ, ಅಂಗಳದಲ್ಲಿ ನಿಂತ ಕಾರಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ನಾವು ಅದನ್ನು ಮುದುಕರ ಅಭ್ಯಾಸವೆಂದು ನಕ್ಕಿದ್ದೆವು.

ಸಂಜೆ ಮಗನಿಗೆ ಎಲ್ಲವನ್ನೂ ಹೇಳಿದೆನು. ಅವನು ಮುಖವನ್ನು ಸಣ್ಣದು ಮಾಡಿಕೊಂಡು, "ನಾಳೆಯೇ ಹೋಗಿ ಹಳೆಯದನ್ನೇ ಹಾಕಿಸಿಬಿಡೋಣ" ಎಂದನು. ಮಾವನವರು ಒಪ್ಪಲಿಲ್ಲ. "ಹಣ ಕೊಟ್ಟು ತಂದದ್ದು, ನಿಮ್ಮಮ್ಮನಿಗೆ ಹಿಂದಿನದು ಕಾಣಲಿ. ಆ ಗೋಣಿಯನ್ನು ತೆಗೆದುಕೊಂಡು ಬಾ. ಕಾರಿನ ಪೆಟ್ಟಿಗೆಗೆ ಕಾರೇ ಬೇಕೆಂದೇನೂ ಇಲ್ಲ" ಎಂದರು.

ಆ ವಾರವೆಲ್ಲ ನಮ್ಮ ವರಾಂಡವು ಒಂದು ಸಣ್ಣ ಕಾರ್ಖಾನೆಯಾಯಿತು. ಮಾವನವರ ಕೈ ನಡುಗುತ್ತದೆ. ಆದುದರಿಂದ ಬೆಸುಗೆಯ ಕಡ್ಡಿಯನ್ನು ಮಗನು ಹಿಡಿದನು. ಎಲ್ಲಿ ಇಡಬೇಕೆಂದು ಅವರು ಹೇಳಿದರು. ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯನ್ನು ಭೂತಗನ್ನಡಿಯಿಂದ ಓದಿ ಯಾವ ತಂತಿ ಯಾವುದಕ್ಕೆಂದು ಗುರುತು ಮಾಡಿದರು. ಬ್ಯಾಟರಿಯ ತಂತಿಯನ್ನೂ ಕೀಲಿಯ ತಂತಿಯನ್ನೂ ಒಂದುಗೂಡಿಸಿ 12 ವೋಲ್ಟಿನ ಧನಕ್ಕೆ. ನೆಲದ ತಂತಿಯನ್ನು ಋಣಕ್ಕೆ. ನಡುವೆ ಒಂದು ಫ್ಯೂಸು. ಹಳೆಯ ಸ್ಪೀಕರುಗಳಲ್ಲಿ ಎರಡನ್ನು ಹಲಗೆಯ ಪೆಟ್ಟಿಗೆಯಲ್ಲಿ ಕೂಡಿಸಿದರು. ಬರಿದಾಗಿಟ್ಟ ಸ್ಪೀಕರಿನಲ್ಲಿ ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಒಂದನ್ನೊಂದು ತಿಂದುಹಾಕುವುದರಿಂದ ದಪ್ಪ ಧ್ವನಿಯು ಹೊರಡಲಾರದು. ಅದಕ್ಕಾಗಿಯೇ ಪೆಟ್ಟಿಗೆಯೆಂದು ವಿವರಿಸಿದರು. ಮಾತಿನ ನಡುವೆ ಹಳೆಯ ಕಥೆಗಳು. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸೋದರರು ಕಾರಿಗೆ ರೇಡಿಯೋವನ್ನು ಕಟ್ಟಿ, ಮೋಟಾರಿನ ಹೆಸರನ್ನು ಸೇರಿಸಿ ಅದನ್ನು 'ಮೋಟೊರೋಲ' ಎಂದು ಕರೆದುದು; ವಾಲ್ವುಗಳಿಗೆ ನೂರಾರು ವೋಲ್ಟುಗಳು ಬೇಕಾದುದರಿಂದ ಕಾರಿನ ಸಣ್ಣ ಬ್ಯಾಟರಿಯಿಂದ ಅಷ್ಟನ್ನು ಎಬ್ಬಿಸಲು ಆಗಿನವರು ಪಟ್ಟ ಪಾಡು; ಟ್ರಾನ್ಸಿಸ್ಟರ್ ಬಂದು ಆ ಪಾಡನ್ನೆಲ್ಲ ನೀಗಿದುದು; ನಮ್ಮ 'ಆಕಾಶವಾಣಿ' ಎಂಬ ಹೆಸರು 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತೆರೆದ ರೇಡಿಯೋ ಕೇಂದ್ರದಿಂದ ಬಂದುದು. ಐದು ವರ್ಷಗಳಲ್ಲಿ ಅವರು ಅಷ್ಟು ಮಾತನಾಡಿದುದನ್ನು ನಾನು ಕೇಳಿರಲಿಲ್ಲ.

ಮೊದಲ ದಿನ ಮಗನು ಗೋಡೆಯ ವಿದ್ಯುತ್ತಿಗೆ ಹಾಕುವ ಒಂದು ಅಡಾಪ್ಟರನ್ನು ತಂದು ಜೋಡಿಸಿದನು. ಪೆಟ್ಟಿಗೆಗೆ ಜೀವ ಬಂದಿತು. ಆದರೆ ನಾಲ್ಕು ಅಂಕಿಗಳ ಗುಪ್ತಸಂಖ್ಯೆಯನ್ನು ಕೇಳಿತು. ಕಳ್ಳರು ಕದ್ದರೆ ಉಪಯೋಗಕ್ಕೆ ಬಾರದಿರಲೆಂದು ಕೆಲವು ಕಾರುಗಳ ಪೆಟ್ಟಿಗೆಗಳಲ್ಲಿ ಈ ಏರ್ಪಾಡನ್ನು ಮಾಡಿರುತ್ತಾರೆ. ನಾನೂ ಮಗನೂ ಮುಖ ಮುಖ ನೋಡಿಕೊಂಡೆವು. ಮಾವನವರು ಎದ್ದು ಹೋಗಿ 2009ರ ದಿನಚರಿಯನ್ನು ತಂದರು. ಕಾರು ಬಂದ ದಿನದ ಪುಟದಲ್ಲಿ ಇಂಜಿನ್ನಿನ ಸಂಖ್ಯೆ, ಟೈರುಗಳ ಸಂಖ್ಯೆ, ಅವುಗಳ ಕೆಳಗೆ ಆ ನಾಲ್ಕು ಅಂಕಿಗಳು! ಸಂಖ್ಯೆಯನ್ನು ಒತ್ತಿ 612ಕ್ಕೆ ತಿರುಗಿಸಿದರೆ ಅದೇ ಗೊರ್ರೆಂಬ ಸದ್ದು. ಅಡಾಪ್ಟರೇ ಗದ್ದಲದ ಮೂಲವೆಂದು ಅವರು ಕೂಡಲೇ ಹೇಳಿದರು. ಮರುದಿನ ಕಂಪ್ಯೂಟರಿನ ಯು.ಪಿ.ಎಸ್.ನಲ್ಲಿ ಹಾಕುವಂಥ 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯೊಂದು ಬಂದಿತು. ದಿನಕ್ಕೆ ಅರ್ಧ ಗಂಟೆ, ಒಂದು ಆಂಪಿಯರ್ ಎಂದರೂ ಅರ್ಧ ಆಂಪಿಯರ್-ಗಂಟೆ. ಭಾನುವಾರಕ್ಕೊಮ್ಮೆ ಚಾರ್ಜು ಮಾಡಿದರೆ ಸಾಕೆಂದು ಲೆಕ್ಕ ಹಾಕಿದರು. ಏರಿಯಲಿಗಾಗಿ ವರಾಂಡದ ಕಂಬದಿಂದ ಸಂಪಿಗೆಯ ಮರಕ್ಕೆ ಒಂದು ತಂತಿಯನ್ನು ಎಳೆದರು.

ಆ ಸಂಜೆ ಬಿರಡೆಯನ್ನು ತಿರುಗಿಸಿದವರು ಮಾವನವರೇ. ಕ್ಷಣಮಾತ್ರ ಮೌನ, ಆಮೇಲೆ, ಯಾವ ಸದ್ದಿನ ಸೋಂಕೂ ಇಲ್ಲದೆ, ಕನ್ನಡದಲ್ಲಿ ಒಬ್ಬ ಹೆಂಗಸಿನ ಧ್ವನಿ. ಏನು ಹೇಳುತ್ತಿದ್ದಳೋ ನಾನು ಕೇಳಿಸಿಕೊಳ್ಳಲಿಲ್ಲ. ಮಾವನವರು ಕಣ್ಣು ಮುಚ್ಚಿ ತಲೆಯಾಡಿಸಿ, "ಹೂಂ, ನಡೆಯುತ್ತಿದೆ" ಎಂದರು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಕಾರಿನ ಹೊಸ ಪೆಟ್ಟಿಗೆಯಲ್ಲಿ ಇಂಜಿನ್ನಿನ ವೇಗ ಹೆಚ್ಚಿದಂತೆಲ್ಲ ಒಂದು ಸಣ್ಣ ಕೊರಗು ಹಾಡಿನ ಜೊತೆಗೆ ಏರುತ್ತಿದ್ದಿತು. ಮಗನು ಅದನ್ನು ತಾತನವರಿಗೆ ಹೇಳಿದನು. ಅವರು ಕಪ್ಪು ತಂತಿಯನ್ನು ಹುಡುಕಿಸಿದರು. ಅದನ್ನು ಬಣ್ಣ ಬಳಿದ ಒಂದು ತಿರುಪಿಗೆ ಸಿಕ್ಕಿಸಿದ್ದರು. ಬಣ್ಣವನ್ನು ಕೆರೆಯಿಸಿ, ಬರಿಯ ಲೋಹಕ್ಕೆ ಬಿಗಿಯಾಗಿ ಕಟ್ಟಿಸಿದ ಕೂಡಲೇ ಕೊರಗು ನಿಂತಿತು. "200 ವ್ಯಾಟ್" ಎಂಬುದರ ಗುಟ್ಟನ್ನೂ ಅವರೇ ಬಿಡಿಸಿದರು. "ಪೆಟ್ಟಿಗೆಯ ಹಿಂದಿನ ಫ್ಯೂಸು 10 ಆಂಪಿಯರಿನದು. ಇಂಜಿನ್ ನಡೆಯುವಾಗ ಸುಮಾರು 14 ವೋಲ್ಟು. ಗುಣಿಸಿದರೆ 140 ವ್ಯಾಟ್. ಒಳಕ್ಕೆ 140 ಹೋಗುವ ಕಡೆ ಎಡೆಬಿಡದೆ 200 ಹೊರಕ್ಕೆ ಬರುವುದು ಹೇಗಪ್ಪ? ಒಂದೊಂದು ಸ್ಪೀಕರಿಗೆ ಇಪ್ಪತ್ತು ಸಿಕ್ಕಿದರೆ ಹೆಚ್ಚು, ಕಿವಿಗೆ ಅಷ್ಟೂ ಬೇಡ" ಎಂದರು. ಅಂಗಡಿಗೆ ಹೋಗುವವರು 'ಆರ್.ಎಮ್.ಎಸ್.' ಎಂಬ ಅಕ್ಷರಗಳ ಮುಂದಿರುವ ಅಂಕಿಯನ್ನು ಮಾತ್ರ ನಂಬಬೇಕಂತೆ. ಅದೇ ಯಂತ್ರದ ನಿತ್ಯದ ಶಕ್ತಿ.

ಈಗ ಬೆಳಗ್ಗೆ ಅಡಿಗೆಮನೆಯ ಕಿಟಕಿಯಿಂದ ನನಗೆ ಬಿಳಿಯ ತಲೆಯು ಕಾಣುವುದಿಲ್ಲ. ವರಾಂಡದಿಂದ ವಾರ್ತೆಯು ಕೇಳುತ್ತದೆ. ಅದು ಮೊದಲಾದರೆ ಕುಕ್ಕರನ್ನು ಇಡುತ್ತೇನೆ. ಕಾರಿನ ಕೀಲಿಯು ಮೊಳೆಯ ಮೇಲೆಯೇ ಇರುತ್ತದೆ. ಒಮ್ಮೊಮ್ಮೆ ಮಗನೂ ಪುಸ್ತಕವನ್ನು ಹಿಡಿದು ವರಾಂಡದಲ್ಲಿ ತಾತನವರ ಪಕ್ಕದಲ್ಲಿ ಕುಳಿತಿರುತ್ತಾನೆ. ಓದುತ್ತಾನೋ ಕೇಳುತ್ತಾನೋ ನಾನು ವಿಚಾರಿಸುವುದಿಲ್ಲ.

ಹೊಸ ವಸ್ತುಗಳನ್ನು ತರಬೇಡಿರೆಂದು ಹೇಳುವವಳು ನಾನಲ್ಲ. ತರುವ ಮೊದಲು, ಹಳೆಯದರಿಂದ ಮನೆಯಲ್ಲಿ ಯಾರು ಏನನ್ನು ಪಡೆಯುತ್ತಿದ್ದಾರೆಂದು ಒಂದು ಸಲ ಕೇಳಿನೋಡಿರಿ. ಕೇಳದೆ ತಾವಾಗಿಯೇ ಹೇಳುವವರು ಇದ್ದಾರೆ, ಅವರ ಚಿಂತೆಯಿಲ್ಲ. "ಚೆನ್ನಾಗಿದೆ" ಎಂದು ಹೇಳಿ ಒಳಗೆ ಹೋಗುವವರೂ ಇರುತ್ತಾರೆ.